ಕೈಯಿಂದ ಕೈಗೆ ಮಂದ್ರನಾದ

ಜೂನ್ ತಿಂಗಳಿನಿಂದ ಆಗಸ್ಟಿನ ಮಧ್ಯಭಾಗದವರೆಗೆ, ಇಂಜಿನಿಯರಿಂಗ್ ಕಾಲೇಜುಗಳ ಕಡೆಯ ವರ್ಷದ ಪರೀಕ್ಷೆಗಳು ಮುಗಿದು, ನಾಲ್ಕು ವರ್ಷ ಒಂದೇ ಗೋಷ್ಠಿಯಲ್ಲಿ ನುಡಿಸಿದ ಗೆಳೆಯರು ಒಬ್ಬನು ಪುಣೆಯ ಕಂಪನಿಗೂ, ಒಬ್ಬನು ಟೆಕ್ಸಾಸಿನ ವಿಶ್ವವಿದ್ಯಾಲಯಕ್ಕೂ, ಮತ್ತೊಬ್ಬನು ತಂದೆಯ ಅಡಕೆ ಮಂಡಿಗೂ ಹಂಚಿಹೋಗುವ ಕಾಲದಲ್ಲಿ, ಬೆಂಗಳೂರಿನ ಹಳೆಯ ವಸ್ತುಗಳ ವ್ಯಾಪಾರಲೋಕದಲ್ಲಿ ಒಂದು ವಿಶೇಷವಾದ ಸರಕು ತಾನೇ ತಾನಾಗಿ ಕಾಣಿಸಿಕೊಳ್ಳುತ್ತದೆ. ನಾಲ್ಕು ತಂತಿಗಳ, ನೀಳವಾದ ಕತ್ತಿನ, ಸುಮಾರು ನಾಲ್ಕು ಕಿಲೋ ತೂಗುವ ಎಲೆಕ್ಟ್ರಿಕ್ ಬೇಸ್ ಗಿಟಾರೇ ಆ ಸರಕು. ಕೊಂಡವನು ಅದನ್ನು ನುಡಿಸಿದ್ದಕ್ಕಿಂತ ಬೀರುವಿನ ಹಿಂದೆ ನಿಲ್ಲಿಸಿಟ್ಟ ಕಾಲವೇ ಹೆಚ್ಚಾಗಿರುವುದರಿಂದ, ಇಂತಹ ವಾದ್ಯಗಳಲ್ಲಿ ಎಷ್ಟೋ ಈಗತಾನೆ ಅಂಗಡಿಯಿಂದ ಬಂದವೋ ಎಂಬಂತೆ ಹೊಳೆಯುತ್ತಿರುತ್ತವೆ.

ಗೋಷ್ಠಿಯ ಸಕಲ ವಾದ್ಯಗಳಲ್ಲಿ ಬೇಸ್ ಗಿಟಾರೇ ಹೀಗೆ ಬೇಗನೆ ಅನಾಥವಾಗುವುದಕ್ಕೆ ಕಾರಣವುಂಟು. ಕಾಲೇಜಿನಲ್ಲಿ ಬ್ಯಾಂಡೊಂದು ಹುಟ್ಟುವಾಗ ಹಾಡುವವನು ಮೊದಲೇ ನಿಶ್ಚಿತನಾಗಿರುತ್ತಾನೆ. ಡ್ರಮ್ಸ್ ಉಳ್ಳವನ ಮನೆಯ ಮಹಡಿಯೇ ಅಭ್ಯಾಸಶಾಲೆಯಾಗುತ್ತದೆ. ಉಳಿದವರೆಲ್ಲರೂ ಆರು ತಂತಿಯ ಗಿಟಾರಿನ ಕೀರ್ತಿಯನ್ನೇ ಬಯಸಿ ಬಂದವರಾದುದರಿಂದ, ಅವರ ಪೈಕಿ ಸ್ವಭಾವತಃ ಸೌಮ್ಯನಾದ, ವಾದಕ್ಕೆ ನಿಲ್ಲದ ಒಬ್ಬನ ಪಾಲಿಗೆ ಬೇಸ್ ಬರುತ್ತದೆ. ಅವನು ಪ್ರೀತಿಯಿಂದಲ್ಲ, ದಾಕ್ಷಿಣ್ಯದಿಂದ ಅದನ್ನು ಕೊಳ್ಳುತ್ತಾನೆ. ಗೋಷ್ಠಿ ಚದುರಿದ ಮೇಲೆ ಗಿಟಾರಿನವನು ಮದುವೆಮನೆಯಲ್ಲಾದರೂ ಒಂದು ಹಾಡು ಹಾಡಿ ಮೆಚ್ಚುಗೆ ಪಡೆಯಬಲ್ಲನು. ಬೇಸಿನವನು ಕೋಣೆಯಲ್ಲಿ ಒಬ್ಬನೇ ಕುಳಿತು ನುಡಿಸಿದರೆ ಮನೆಯವರಿಗೆ ಅದು ಪಕ್ಕದ ಸೈಟಿನ ಬೋರ್‌ವೆಲ್ ಮೋಟಾರಿನಂತೆ ಕೇಳಿಸುತ್ತದೆ. ಹೀಗೆ ಮಾರುವವರು ಹೆಚ್ಚಾಗಿಯೂ ಕೊಳ್ಳುವವರು ವಿರಳವಾಗಿಯೂ ಇರುವ ಪೇಟೆಯಲ್ಲಿ ಬೆಲೆ ಇಳಿಯುವುದು ಸಹಜವೇ ಆಗಿದೆ. ಈ ಇಳಿದ ಬೆಲೆಯನ್ನು ಕಂಡು ಅನುಮಾನಪಡುವವರೇ ಬಹಳ. ಆದರೆ ಹಳೆಯದನ್ನು ಕೊಳ್ಳುವುದಕ್ಕೆ ಬೇಸ್ ಗಿಟಾರಿನಷ್ಟು ಯೋಗ್ಯವಾದ ವಾದ್ಯ ಬೇರೊಂದಿಲ್ಲವೆಂದೂ, ಆ ಯೋಗ್ಯತೆ ಅದರ ಜನ್ಮದಲ್ಲಿಯೇ ಇದೆಯೆಂದೂ ನನ್ನ ಮತ.

ಆ ಜನ್ಮವೃತ್ತಾಂತವನ್ನು ಸ್ವಲ್ಪ ನೋಡಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಫುಲ್ಲರ್‌ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿಯ ಅಂಗಡಿ ಇಟ್ಟಿದ್ದ ಲಿಯೋ ಫೆಂಡರ್ ಎಂಬಾತನು 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ಹೆಸರಿನಿಂದ ಈ ವಾದ್ಯವನ್ನು ಮಾರುಕಟ್ಟೆಗೆ ತಂದನು. ಅದಕ್ಕೆ ಹದಿನೈದು ವರ್ಷ ಮೊದಲೇ ಸಿಯಾಟಲ್ ನಗರದ ಪಾಲ್ ಟುಟ್‌ಮಾರ್ಕ್ ಎಂಬಾತನು ಇಂತಹುದೊಂದನ್ನು ಮಾಡಿದ್ದುಂಟಾದರೂ ಕೊಳ್ಳುವವರು ದೊರೆಯದೆ ಅದು ಮರೆಯಾಗಿ ಹೋಯಿತು. ಅಲ್ಲಿಯವರೆಗೆ ಮಂದ್ರಸ್ವರಕ್ಕೆ ಆಧಾರವಾಗಿದ್ದುದು ಮನುಷ್ಯನಿಗಿಂತ ಎತ್ತರವಾದ, ಕಾರಿನ ತಲೆಯ ಮೇಲೆ ಹಗ್ಗದಿಂದ ಬಿಗಿದು ಸಾಗಿಸಬೇಕಾಗಿದ್ದ, ಉಳಿದ ವಾದ್ಯಗಳು ವಿದ್ಯುತ್ತಿನ ಬಲದಿಂದ ಗರ್ಜಿಸತೊಡಗಿದ ಮೇಲೆ ಕೇಳಿಸದೆಯೇ ಹೋಗುತ್ತಿದ್ದ ಡಬಲ್ ಬೇಸ್. ಅದರ ಕತ್ತಿನ ಮೇಲೆ ಫ್ರೆಟ್‌ಗಳು, ಎಂದರೆ ಸ್ವರಸ್ಥಾನಗಳನ್ನು ತೋರುವ ಅಡ್ಡಪಟ್ಟಿಗಳು, ಇರಲಿಲ್ಲ. ಶ್ರುತಿಯೆಲ್ಲವೂ ನುಡಿಸುವವನ ಕಿವಿ ಬೆರಳುಗಳ ಸಾಧನೆಯನ್ನೇ ಅವಲಂಬಿಸಿತ್ತು. ಫೆಂಡರನು 34 ಅಂಗುಲದ ತಂತಿಯಳತೆಯನ್ನು ನಿಶ್ಚಯಿಸಿ, ಕತ್ತಿನ ಮೇಲೆ ಲೋಹದ ಫ್ರೆಟ್‌ಗಳನ್ನು ಕೂರಿಸಿ, ಸ್ವರವು ಕರಾರುವಾಕ್ಕಾಗಿ ದೊರೆಯುವಂತೆ ಮಾಡಿದನು. ವಿಚಿತ್ರವೆಂದರೆ ಆತನಿಗೆ ಸ್ವತಃ ಗಿಟಾರ್ ನುಡಿಸಲು ಬರುತ್ತಿರಲಿಲ್ಲ.

ಬರದಿದ್ದುದೇ ಒಳ್ಳೆಯದಾಯಿತೆಂದು ಹೇಳಬೇಕು. ವಾದ್ಯಶಿಲ್ಪಿಗಳು ವೀಣೆಯನ್ನೋ ಪಿಟೀಲನ್ನೋ ಏಕಶರೀರವೆಂದು ಭಾವಿಸಿ, ಕತ್ತು ಕಾಯಗಳನ್ನು ಬೇರ್ಪಡಿಸಲಾಗದಂತೆ ಬೆಸೆದು ನಿರ್ಮಿಸುತ್ತಾರೆ. ಅದರ ಒಂದು ಅಂಗ ಮುರಿದರೆ ಮತ್ತೆ ಶಿಲ್ಪಿಯ ಬಾಗಿಲಿಗೇ ಹೋಗಬೇಕು. ಫೆಂಡರನದು ರಿಪೇರಿಯವನ ಬುದ್ಧಿ. ಕೆಟ್ಟ ಭಾಗವನ್ನು ಬಿಚ್ಚಿ ತೆಗೆದು ಬೇರೊಂದನ್ನು ಹಾಕುವುದು ಹೇಗೆಂಬುದನ್ನೇ ಮುಂದಿಟ್ಟುಕೊಂಡು ಯೋಚಿಸಿದ ಆತನು, ಕತ್ತನ್ನು ಮರದ ಒಡಲಿಗೆ ನಾಲ್ಕು ಸ್ಕ್ರೂಗಳಿಂದ ಬಿಗಿದನು. ತಂತಿಗಳ ಕೆಳತುದಿಯನ್ನು ಹಿಡಿದಿಡುವ ಬ್ರಿಡ್ಜು ಕೆಲವು ಸ್ಕ್ರೂಗಳಿಗೆ ನಿಂತಿತು. ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಪಿಕಪ್ಪು, ಧ್ವನಿಯನ್ನು ಹೆಚ್ಚು ಕಡಿಮೆ ಮಾಡುವ ಗುಂಡಿಗಳು, ತಂತಿ ಬಿಗಿಯುವ ಕೀಲಿಗಳು, ಎಲ್ಲವೂ ಬಿಚ್ಚತಕ್ಕವಾದವು. ಇಂದಿಗೂ ಅಗ್ಗದ ಬೇಸುಗಳೆಲ್ಲ ಬಹುಮಟ್ಟಿಗೆ ಇದೇ ರಚನೆಯನ್ನು ಅನುಸರಿಸಿರುವುದರಿಂದ, ಗುಂಡಿಯೊಂದು ಸವೆದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಅದಕ್ಕೆ ಬದಲಿಯನ್ನು ಅಲ್ಪಮೌಲ್ಯಕ್ಕೆ ಪಡೆಯಬಹುದು. ಬೆಸುಗೆ ಕಬ್ಬಿಣವನ್ನು ಹಿಡಿಯಬಲ್ಲ ಯಾವ ಹುಡುಗನಾದರೂ ಅದನ್ನು ಕೂರಿಸಬಲ್ಲನು. ಇಂತಹ ವಸ್ತುವಿಗೆ ಹಳತಾಗುವುದೆಂಬ ಭಯ ಅಷ್ಟಾಗಿ ಇರಬೇಕಾಗಿಲ್ಲ.

ಅಗ್ಗದ ಬೇಸಿನ ಬಗ್ಗೆ ಮೂಗು ಮುರಿಯುವವರಿಗೆ ಎರಡು ಸಂಗತಿಗಳನ್ನು ನೆನಪಿಸಬೇಕೆನಿಸುತ್ತದೆ. 1961ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ರಾತ್ರಿಯೆಲ್ಲ ನುಡಿಸಿ ಹೊಟ್ಟೆ ಹೊರೆಯುತ್ತಿದ್ದ ಬೀಟಲ್ಸ್ ತಂಡದಲ್ಲಿ ಬೇಸ್ ನುಡಿಸುತ್ತಿದ್ದಾತನು ತಂಡವನ್ನು ಬಿಟ್ಟಾಗ, ಆ ಭಾರ ಪಾಲ್ ಮೆಕಾರ್ಟ್ನಿಯ ಪಾಲಿಗೆ ಬಂದಿತು. ಸೌಮ್ಯನ ಪಾಲಿಗೆ ಬೇಸ್ ಬರುವುದೆಂಬ ಮಾತು ಅಲ್ಲಿಯೂ ನಿಜವಾಯಿತೋ ಏನೋ ತಿಳಿದವರು ಹೇಳಬೇಕು. ಫೆಂಡರಿಗೆ ನೂರು ಪೌಂಡಿನಷ್ಟು ಬೆಲೆಯಿದ್ದುದರಿಂದ ಅದರ ಗೊಡವೆಗೆ ಹೋಗದೆ, ಸುಮಾರು ಮೂವತ್ತು ಪೌಂಡು ತೆತ್ತು ಪಿಟೀಲಿನ ಆಕಾರದ ಹಾಫ್ನರ್ ಬೇಸೊಂದನ್ನು ಅವನು ಕೊಂಡನು. ಎಡಗೈಯವನಾದ ಅವನಿಗೆ, ಎರಡು ಪಕ್ಕಗಳೂ ಸಮನಾಗಿರುವ ಆ ಆಕಾರ ತಿರುಗಿಸಿ ಹಿಡಿದರೂ ಅಂದಗೆಡುವುದಿಲ್ಲವೆಂಬುದು ಮತ್ತೊಂದು ಅನುಕೂಲವಾಗಿತ್ತು. ಆ ಮಿತವ್ಯಯದ ವಾದ್ಯದಿಂದ ಹೊರಟ ನಾದವು ಜಗತ್ತನ್ನೇ ಸುತ್ತಿತು. 1972ರಲ್ಲಿ ಲಂಡನ್ನಿನಲ್ಲಿ ವ್ಯಾನೊಂದರಿಂದ ಅದು ಕಳುವಾಗಿ, ಯಾರದೋ ಮನೆಯ ಅಟ್ಟದಲ್ಲಿ ಹಲವು ಕಾಲ ಬಿದ್ದಿದ್ದು, ಐವತ್ತು ವರ್ಷಗಳ ಮೇಲೆ ಪತ್ತೆಯಾಗಿ ಒಡೆಯನಿಗೆ ಮರಳಿದ ಸುದ್ದಿ 2024ರಲ್ಲಿ ಪ್ರಕಟವಾಯಿತು.

ಎರಡನೆಯ ಸಂಗತಿ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಬೇಸ್ ವಾದನದ ಕ್ರಮವನ್ನೇ ಬದಲಾಯಿಸಿದ ಜಾಕೋ ಪಾಸ್ಟೋರಿಯಸ್ ಫ್ಲಾರಿಡಾದಲ್ಲಿ ಬಡ ಯುವಕನಾಗಿದ್ದಾಗ ಫೆಂಡರ್ ಕಂಪನಿಯ 1962ರ ಹಳೆಯ ಜಾಝ್ ಬೇಸೊಂದನ್ನು ಕೇವಲ 90 ಡಾಲರಿಗೆ ಕೊಂಡನು. ಅದರ ಫ್ರೆಟ್‌ಗಳನ್ನು ಬೆಣ್ಣೆ ಸವರುವ ಚಾಕುವಿನಿಂದ ತಾನೇ ಕಿತ್ತೆನೆಂದು ಒಮ್ಮೆಯೂ, ತನ್ನ ಕೈಗೆ ಬರುವಾಗಲೇ ಅವು ಇರಲಿಲ್ಲವೆಂದು ಮತ್ತೊಮ್ಮೆಯೂ ಹೇಳಿದ ಆತನ ಮಾತನ್ನು ಎಷ್ಟು ನಂಬಬೇಕೋ ಕಾಣೆ. ಆದರೆ ಆ ಸಂದುಗಳನ್ನು ತುಂಬಿ, ದೋಣಿಗಳಿಗೆ ಬಳಿಯುವ ಗಟ್ಟಿಯಾದ ಎಪಾಕ್ಸಿಯನ್ನು ಕತ್ತಿಗೆ ಬಳಿದುದು ನಿಜ. ವೀಣೆಯ ಗಮಕವನ್ನು ಬಲ್ಲ ನಮ್ಮ ಕಿವಿಗಳಿಗೆ ಆತನ ಜಾರುಸ್ವರಗಳ ಸೊಬಗು ಬೇಗನೆ ಹಿಡಿಸುತ್ತದೆ. ಆ ಬೇಸೂ 1986ರಲ್ಲಿ ನ್ಯೂಯಾರ್ಕಿನ ಉದ್ಯಾನವೊಂದರಲ್ಲಿ ಕಳುವಾಯಿತು. ಮರುವರ್ಷವೇ ಜಾಕೋ ತೀರಿಕೊಂಡನು. ಬಹುಕಾಲದ ಮೇಲೆ ಅದು ಮತ್ತೆ ಕಾಣಿಸಿಕೊಂಡಾಗ, 2010ರಲ್ಲಿ ಅದನ್ನು ಬಿಡಿಸಿಕೊಳ್ಳಲು ಹಣದ ನೆರವನ್ನಿತ್ತವನು ಮೆಟಾಲಿಕಾ ತಂಡದ ಬೇಸ್ ವಾದಕ ರಾಬರ್ಟ್ ಟ್ರುಹಿಯೋ. ಅದರ ಮರುವರ್ಷ, 2011ರ ಅಕ್ಟೋಬರ್ 30ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಿಕ್ಕಿರಿದ ಜನಸ್ತೋಮದ ಮುಂದೆ ನುಡಿಸಿದವನು ಅದೇ ಟ್ರುಹಿಯೋ. ಆ ರಾತ್ರಿಯ ಉತ್ಸಾಹದಲ್ಲಿ ಬೇಸ್ ಕೊಂಡ ಹುಡುಗರ ವಾದ್ಯಗಳು ಈಗ ಎಷ್ಟು ಬೀರುಗಳ ಹಿಂದೆ ಇವೆಯೋ!

ಎರಡು ಕಥೆಗಳಲ್ಲಿಯೂ ಕಳವಿನ ಪ್ರಸಂಗ ಬಂದುದು ಆಕಸ್ಮಿಕವಲ್ಲ. ಸುಲಭವಾಗಿ ಹೊತ್ತೊಯ್ಯಬಹುದಾದ ವಾದ್ಯಗಳು ಕಳ್ಳರಿಗೆ ಪ್ರಿಯವಾದವು. ಆದಕಾರಣ ಕೊಳ್ಳುವವನು ಮೊದಲು ಕೇಳಬೇಕಾದುದು ಬಿಲ್ಲನ್ನು. ಅದಿಲ್ಲದಿದ್ದರೆ ಮಾರುವವನು ಆ ಬೇಸನ್ನು ಹಿಡಿದು ತೆಗೆಸಿಕೊಂಡ ಹಳೆಯ ಫೋಟೋ ಒಂದನ್ನಾದರೂ ಕೇಳಬಹುದು. ನಿಜವಾದ ಒಡೆಯನ ಫೋನಿನಲ್ಲಿ ಅಂತಹುದು ಹತ್ತಾದರೂ ಇದ್ದೇ ಇರುತ್ತದೆ, ಏಕೆಂದರೆ ಬೇಸ್ ನುಡಿಸುವುದಕ್ಕಿಂತ ಮೊದಲು ಎಲ್ಲರೂ ಮಾಡುವ ಕೆಲಸ ಅದೇ.

ನಮ್ಮಲ್ಲಿ ಹಳೆಯದಾಗಿ ದೊರೆಯುವ ಅಗ್ಗದ ಬೇಸುಗಳಲ್ಲಿ ಬಹುಪಾಲು ಸ್ಕ್ವಾಯರ್, ಐಬನೇಜ್, ಯಮಾಹಾ, ಕಾರ್ಟ್ ಎಂಬ ನಾಲ್ಕು ಹೆಸರುಗಳಲ್ಲಿ ಅಡಗಿವೆ. ಸ್ಕ್ವಾಯರ್ ಎಂಬುದು ಫೆಂಡರ್ ಕಂಪನಿಯೇ 1982ರಿಂದ ಕಡಿಮೆ ಬೆಲೆಯ ಗಿಟಾರುಗಳಿಗೆ ಕೊಟ್ಟ ಹೆಸರು. ಐಬನೇಜ್ ಜಪಾನಿನ ನಾಗೋಯಾದ ಹೊಶಿನೋ ಕಂಪನಿಯದು, ಕಾರ್ಟ್ ಕೊರಿಯಾದ್ದು. ಹೆಸರು ಯಾವ ದೇಶದ್ದಾದರೇನು, ಅಗ್ಗದ ಮಾದರಿಗಳಲ್ಲಿ ಬಹಳಷ್ಟು ಇಂಡೋನೇಷ್ಯಾ ಚೀನಾಗಳ ಕಾರ್ಖಾನೆಗಳಲ್ಲಿಯೇ ತಯಾರಾಗುತ್ತವೆ. ಕೆಲವು ಸ್ಕ್ವಾಯರುಗಳ ಕ್ರಮಸಂಖ್ಯೆಯ ಮೊದಲಿಗೆ ಐ.ಸಿ.ಎಸ್. ಎಂಬ ಅಕ್ಷರಗಳಿರುವುದನ್ನು ಕಂಡು ಹಳೆಯ ತಲೆಮಾರಿನವರು ಬ್ರಿಟಿಷರ ಕಾಲದ ಕಲೆಕ್ಟರನನ್ನು ನೆನೆದಾರು. ಅದು ಇಂಡೋನೇಷ್ಯಾದ ಕಾರ್ಟ್ ಕಾರ್ಖಾನೆಯಲ್ಲಿ ತಯಾರಾದ ಸ್ಕ್ವಾಯರ್ ಎಂಬುದರ ಗುರುತು, ಅದರ ಮುಂದಿನ ಎರಡು ಅಂಕಿಗಳು ಇಸವಿಯವು. ಸ್ಕ್ವಾಯರಿನ ತಲೆಯ ಮೇಲಿನ ಹೆಸರನ್ನು ಉಜ್ಜಿ ತೆಗೆದು ಫೆಂಡರಿನ ಸ್ಟಿಕರ್ ಅಂಟಿಸಿ ಮಾರುವ ಮಹನೀಯರೂ ಇದ್ದಾರಾದುದರಿಂದ ಈ ಕ್ರಮಸಂಖ್ಯೆಯ ಕಡೆಗೊಮ್ಮೆ ಕಣ್ಣು ಹಾಯಿಸುವುದು ವಿಹಿತ.

ಇಲ್ಲಿ ನಮ್ಮ ಕಾಡಿನ ಸಂಬಂಧವೂ ಒಂದುಂಟು. ಬ್ರೆಜಿಲ್ ದೇಶದ ರೋಸ್‌ವುಡ್ ದುರ್ಲಭವಾದ ಮೇಲೆ, ಜಗತ್ತಿನ ಗಿಟಾರುಗಳ ಫಿಂಗರ್‌ಬೋರ್ಡಿಗೆ, ಎಂದರೆ ಬೆರಳುಗಳು ಓಡಾಡುವ ಪಟ್ಟಿಕೆಗೆ, ಬಹುಕಾಲ ಒದಗಿದುದು ಪಶ್ಚಿಮಘಟ್ಟಗಳಲ್ಲಿ ಬೆಳೆಯುವ ನಮ್ಮ ಬೀಟೆಯ ಮರ. 2017ರ ಜನವರಿಯಲ್ಲಿ ಆ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಬಂದಾಗ ಗಿಟಾರು ತಯಾರಕರು ಕಂಗಾಲಾಗಿ ಬೇರೆ ಮರಗಳ ಕಡೆಗೆ ತಿರುಗಿದರು. 2019ರ ಕೊನೆಯಲ್ಲಿ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ದೊರೆಯಿತಾದರೂ ಅಗ್ಗದ ಮಾದರಿಗಳಿಗೆ ಬೀಟೆ ಹೆಚ್ಚಾಗಿ ಮರಳಲಿಲ್ಲ. ಅದರ ಸ್ಥಾನಕ್ಕೆ ಸ್ಕ್ವಾಯರಿನವರು ತಂದ ಇಂಡಿಯನ್ ಲಾರೆಲ್ ಎಂಬ ಮರ ಯಾವುದೆಂದು ವಿಚಾರಿಸಿದರೆ, ಮಲೆನಾಡಿಗರಿಗೆ ಚಿರಪರಿಚಿತವಾದ ಮತ್ತಿಯೇ ಅದು! ತೊಲೆಗೂ ಕಂಬಕ್ಕೂ ಸೌದೆಗೂ ಬಳಕೆಯಾಗುತ್ತಿದ್ದ ಮತ್ತಿಗೆ ಈ ವೈಭವ ಬಂದುದನ್ನು ಕಂಡು ಸಂತೋಷಪಡಬೇಕಾದುದೇ. ಆದರೂ 2017ಕ್ಕೆ ಹಿಂದಿನ ಅಗ್ಗದ ಬೇಸಿನಲ್ಲಿ ಬೀಟೆಯ ಪಟ್ಟಿಕೆ ಇದ್ದರೆ, ಅದನ್ನು ಒಂದು ಹೆಚ್ಚಿನ ಗುಣವೆಂದೆಣಿಸಿ ಐನೂರು ರೂಪಾಯಿ ಹೆಚ್ಚು ಕೊಡುವುದರಲ್ಲಿ ತಪ್ಪಿಲ್ಲ. ಅದಕ್ಕಿಂತ ಹೆಚ್ಚು ಕೊಡತಕ್ಕದ್ದಲ್ಲ, ಏಕೆಂದರೆ ನಾದದಲ್ಲಿ ಇವೆರಡರ ವ್ಯತ್ಯಾಸವನ್ನು ಕಣ್ಣುಮುಚ್ಚಿ ಹೇಳಬಲ್ಲವರನ್ನು ನಾನು ಕಂಡಿಲ್ಲ.

ಇನ್ನು ಪರೀಕ್ಷೆಯ ಕ್ರಮ. ಬಣ್ಣವು ಕಿತ್ತಿರುವುದು, ಬೆನ್ನಿನಲ್ಲಿ ಬೆಲ್ಟಿನ ಗೀರುಗಳಿರುವುದು, ಅಂಚಿನಲ್ಲಿ ಒಂದು ಚೆಕ್ಕೆ ಎದ್ದಿರುವುದು ಇವೆಲ್ಲವೂ ಬೆಲೆಯನ್ನು ತಗ್ಗಿಸುವ ದೋಷಗಳೇ ಹೊರತು ವಾದ್ಯದ ದೋಷಗಳಲ್ಲ; ಕೊಳ್ಳುವವನಿಗೆ ಇವು ಮಿತ್ರರು. ಶತ್ರುವಿರುವುದು ಕತ್ತಿನಲ್ಲಿ, ವಾದಕರು ನೆಕ್ ಎನ್ನುತ್ತಾರೆ. ನಾಲ್ಕು ತಂತಿಗಳು ಸೇರಿ ಸುಮಾರು 80 ಕಿಲೋಗಳ ಬಲದಿಂದ ಹಗಲಿರುಳೂ ಆ ಮರವನ್ನು ಮುಂದಕ್ಕೆ ಎಳೆಯುತ್ತಿರುತ್ತವೆ. ಆ ಎಳೆತಕ್ಕೆ ಎದುರಾಗಿ ಮರದೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳೊಂದು ಹುದುಗಿರುತ್ತದೆ. ಇವೆರಡರ ಸಮತೋಲನವೇ ವಾದ್ಯದ ಆರೋಗ್ಯ. ಅದನ್ನು ತಿಳಿಯಲು ಯಾವ ಉಪಕರಣವೂ ಬೇಕಾಗಿಲ್ಲ. ದಪ್ಪ ತಂತಿಯನ್ನು ಎಡಗೈಯಿಂದ ಮೊದಲನೆಯ ಫ್ರೆಟ್ಟಿನಲ್ಲಿಯೂ ಬಲಗೈಯಿಂದ ಕೊನೆಯ ಫ್ರೆಟ್ಟಿನಲ್ಲಿಯೂ ಒಮ್ಮೆಗೇ ಒತ್ತಿ ಹಿಡಿದರೆ, ಬಿಗಿದ ತಂತಿಯೇ ಸರಳರೇಖೆಯಾಗುತ್ತದೆ. ಆಗ ಏಳನೆಯ ಎಂಟನೆಯ ಫ್ರೆಟ್ಟುಗಳ ಬಳಿ ತಂತಿಗೂ ಫ್ರೆಟ್ಟಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡು ನುಸುಳುವಷ್ಟು ಎಡೆ ಇರಬೇಕು. ಎಡೆ ಬಹಳವಿದ್ದರೆ ಕತ್ತು ಮುಂದಕ್ಕೆ ಬಾಗಿದೆ. ಎಡೆಯೇ ಇಲ್ಲದಿದ್ದರೆ ಅದು ತೀರ ನೆಟ್ಟಗಿದೆ, ಇಲ್ಲವೆ ಹಿಂದಕ್ಕೆ ಬಾಗಿದೆ. ಈ ಎರಡನ್ನೂ ಟ್ರಸ್ ರಾಡಿನ ತುದಿಯ ನಟ್ಟನ್ನು ಒಮ್ಮೆಗೆ ಕಾಲು ಸುತ್ತಿನಂತೆ ತಿರುಗಿಸಿ ಸರಿಪಡಿಸಬಹುದು. ಆದರೆ ಆ ನಟ್ಟು ಆಗಲೇ ಕೊನೆಯವರೆಗೆ ಬಿಗಿದುಹೋಗಿದ್ದು, ಕತ್ತಿನ ಬಾಗು ಮಾತ್ರ ಹಾಗೆಯೇ ಉಳಿದಿದ್ದರೆ, ಅಥವಾ ದಪ್ಪ ತಂತಿಯ ಪಕ್ಕ ನೇರವಾಗಿದ್ದು ಸಣ್ಣ ತಂತಿಯ ಪಕ್ಕ ಬಾಗಿ ಕತ್ತು ತಿರುಚಿಕೊಂಡಿದ್ದರೆ, ಮಾರುವವರಿಗೆ ನಮಸ್ಕಾರ ಹೇಳಿ, ಅವರು ಕೊಟ್ಟ ಕಾಫಿಯನ್ನು ಕುಡಿದು ಹೊರಟುಬಿಡುವುದೇ ಲೇಸು. ಅಗ್ಗದ ಬೇಸಿನ ಕತ್ತನ್ನು ರಿಪೇರಿ ಮಾಡಿಸುವ ಖರ್ಚಿಗೆ ಮತ್ತೊಂದು ಅಗ್ಗದ ಬೇಸೇ ಬರುತ್ತದೆ.

ಕತ್ತು ಉತ್ತೀರ್ಣವಾದ ಬಳಿಕ ಪ್ರತಿಯೊಂದು ತಂತಿಯನ್ನು ಪ್ರತಿಯೊಂದು ಫ್ರೆಟ್ಟಿನಲ್ಲಿ ಒತ್ತಿ ನುಡಿಸಿ ನೋಡಬೇಕು. ನಾಲ್ಕು ತಂತಿ, ಇಪ್ಪತ್ತು ಫ್ರೆಟ್ಟು, ಎಂಬತ್ತು ಸ್ವರಗಳು. ಐದು ನಿಮಿಷದ ಕೆಲಸ. ಒಂದೆರಡು ಕಡೆ ಗರಗರ ಸದ್ದು ಬಂದರೆ ಸೆಟಪ್ಪಿನಿಂದ, ಎಂದರೆ ಕತ್ತು, ಬ್ರಿಡ್ಜು, ತಂತಿಗಳನ್ನು ಹೊಂದಿಸುವುದರಿಂದ, ಹೋಗುತ್ತದೆ. ಎಲ್ಲೆಡೆಯೂ ಬಂದರೆ ಫ್ರೆಟ್ಟುಗಳೇ ಸವೆದಿವೆಯೆಂದು ತಿಳಿಯತಕ್ಕದ್ದು. ಅತಿ ತೆಳ್ಳನೆಯ ತಂತಿಯಲ್ಲಿ ಐದರಿಂದ ಏಳನೆಯ ಫ್ರೆಟ್ಟಿನವರೆಗೆ ಎಲ್ಲಿಯಾದರೂ ಒಂದು ಸ್ವರ ಮಾತ್ರ ಬೇಗನೆ ಸತ್ತುಹೋಗುವುದುಂಟು. ಫೆಂಡರ್ ಮಾದರಿಯ ಬೇಸುಗಳಲ್ಲಿ, ಸಾವಿರಾರು ಡಾಲರಿನವುಗಳಲ್ಲಿಯೂ ಕೂಡ, ಕಂಡುಬರುವ ಸಹಜಸ್ವಭಾವ ಅದು. ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿಯನ್ನು ಹಗುರವಾಗಿ ಮುಟ್ಟಿ ಮೀಟಿದಾಗ ಬರುವ ಸ್ವರವೂ, ಅಲ್ಲಿಯೇ ಒತ್ತಿ ನುಡಿಸಿದಾಗ ಬರುವ ಸ್ವರವೂ ಒಂದೇ ಆಗಿರಬೇಕು. ಆಗದಿದ್ದರೆ ಬ್ರಿಡ್ಜಿನ ಸ್ಕ್ರೂಗಳನ್ನು ತಿರುಗಿಸಿ ಸರಿಪಡಿಸಬೇಕಾಗುತ್ತದೆ. ಆ ಸ್ಕ್ರೂಗಳು ತಿರುಗುತ್ತವೆಯೇ ಎಂಬುದೇ ಪ್ರಶ್ನೆ. ಮಂಗಳೂರು, ಉಡುಪಿ, ಕಾರವಾರಗಳಿಂದ ಬಂದ ಬೇಸುಗಳಲ್ಲಿ ಉಪ್ಪುಗಾಳಿಯ ದೆಸೆಯಿಂದ ಅವು ತುಕ್ಕು ಹಿಡಿದು ಕಲ್ಲಾಗಿರುವುದುಂಟು. ಚಿಕ್ಕದೊಂದು ಸ್ಕ್ರೂಡ್ರೈವರನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಒಂದನ್ನಾದರೂ ತಿರುಗಿಸಿ ನೋಡುವುದು ಜಾಣತನ. ಅದೇ ಕರಾವಳಿಯ ವಾದ್ಯ ಫೆಬ್ರವರಿ ಮಾರ್ಚಿನ ಒಣಹವೆಯಲ್ಲಿ ಬೆಂಗಳೂರಿಗೋ ಬಳ್ಳಾರಿಗೋ ಬಂದರೆ, ಪಟ್ಟಿಕೆಯ ಮರ ಕುಗ್ಗಿ ಫ್ರೆಟ್ಟುಗಳ ತುದಿಗಳು ಅಂಚಿನಿಂದ ಹೊರಬಂದು ಅಂಗೈಯನ್ನು ಗೀರುತ್ತವೆ. ಇದನ್ನು ಅರದಿಂದ ಉಜ್ಜಿ ಸರಿಪಡಿಸಬಹುದಾದುದರಿಂದ ಭಯಕ್ಕೆ ಕಾರಣವಿಲ್ಲ, ಆದರೆ ಚೌಕಾಸಿಗೆ ಕಾರಣವಿದೆ.

ವಿದ್ಯುತ್ತಿನ ಭಾಗವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಗುಂಡಿಗಳನ್ನು ತಿರುಗಿಸಿದಾಗ ಕರಕರ ಸದ್ದು ಬಂದರೆ ಅದು ಧೂಳು. ಕ್ಲೀನರ್ ಸಿಂಪಡಿಸಿದರೆ ಬಹುಮಟ್ಟಿಗೆ ಹೋಗುತ್ತದೆ. ಎರಡು ಪಿಕಪ್ಪುಗಳ ಜಾಝ್ ಬೇಸಿನಲ್ಲಿ ಒಂದನ್ನು ಮಾತ್ರ ತೆರೆದಾಗ ಹುಂಕಾರ ಕೇಳಿಸಿ, ಎರಡನ್ನೂ ಪೂರ್ಣವಾಗಿ ತೆರೆದಾಗ ಅಡಗಿದರೆ ಅದು ಕೆಟ್ಟುದಲ್ಲ, ಅದರ ಧರ್ಮವೇ ಹಾಗೆ. ಸ್ವಾರಸ್ಯವಾದ ಸಂಗತಿಯೊಂದಿದೆ. ಕೆಲವು ಬೇಸುಗಳ ಹೊಟ್ಟೆಯಲ್ಲಿ ಒಂಬತ್ತು ವೋಲ್ಟಿನ ಬ್ಯಾಟರಿಯಿಂದ ನಡೆಯುವ, ಧ್ವನಿಗೆ ಬಲ ಕೊಡುವ ಚಿಕ್ಕ ಪ್ರೀಆಂಪ್ ಇರುತ್ತದೆ. ಕೇಬಲ್ಲನ್ನು ಸಿಕ್ಕಿಸಿಟ್ಟೇ ಮರೆತರೆ ಬ್ಯಾಟರಿ ಬರಿದಾಗುತ್ತದೆ, ಬರಿದಾದಾಗ ಧ್ವನಿ ಸೀಳಿ, ಕ್ಷೀಣಿಸಿ, ಕಡೆಗೆ ಇಲ್ಲವಾಗುತ್ತದೆ. ಇದನ್ನರಿಯದ ಮಾಲೀಕನು ವಾದ್ಯವೇ ಕೆಟ್ಟಿತೆಂದು ದುಃಖಿಸಿ ಅರೆಬೆಲೆಗೆ ಮಾರಲು ಹೊರಡುವುದುಂಟು. ಕೊಳ್ಳಲು ಹೋಗುವವನು ಹೊಸ ಬ್ಯಾಟರಿಯೊಂದನ್ನು ಕೈಯಲ್ಲಿಟ್ಟುಕೊಂಡು ಹೋಗಲಿ. ಅದನ್ನು ಬೆಲೆ ಕುದುರುವ ಮೊದಲು ಹಾಕಬೇಕೋ ಕುದುರಿದ ಮೇಲೆ ಹಾಕಬೇಕೋ ಎಂಬುದನ್ನು ಅವನ ಅಂತಃಕರಣಕ್ಕೇ ಬಿಟ್ಟಿದ್ದೇನೆ.

ಮಾರುವವರು ಫೋನಿನಲ್ಲಿ ಕಳಿಸುವ ವಿಡಿಯೋವನ್ನು ನಂಬಿ ಹಣ ಕಳಿಸುವುದು ಮಾತ್ರ ಕೂಡದು. ಬೇಸಿನ ಅತಿ ದಪ್ಪ ತಂತಿಯ ಬಿಡಿಸ್ವರದ ಕಂಪನ ಸೆಕೆಂಡಿಗೆ ಸುಮಾರು 41. ಅಂಗೈಯಗಲದ ಫೋನಿನ ಸ್ಪೀಕರಿನಿಂದ ಆ ನಾದ ಹೊರಬರುವುದೇ ಇಲ್ಲ. ನಮಗೆ ಕೇಳಿಸುವುದು ಅದರ ಮೇಲಿನ ಅನುಸ್ವರಗಳು ಮಾತ್ರ. ಅವುಗಳಿಂದ ಮೂಲಸ್ವರವನ್ನು ಮನಸ್ಸೇ ಊಹಿಸಿಕೊಳ್ಳುತ್ತದೆ. ಹೀಗೆ ಊಹೆಯಿಂದ ಕೇಳಿದ ವಾದ್ಯಕ್ಕೆ ನಿಜವಾದ ರೂಪಾಯಿಗಳನ್ನು ಕೊಡುವುದು ಸಲ್ಲದು. ಸ್ವತಃ ಹೋಗಿ, ಆಂಪಿಗೆ ಸಿಕ್ಕಿಸಿ, ಕೇಳಲೇಬೇಕು. ಮಾರುವವರಲ್ಲಿ ಗಿಟಾರಿನ ಚಿಕ್ಕ ಆಂಪ್ ಮಾತ್ರ ಇದ್ದರೆ ಧ್ವನಿಯನ್ನು ತಗ್ಗಿಸಿಟ್ಟು ಕೇಳಬಹುದು. ಏರಿಸಿದರೆ ಅದರ ಸ್ಪೀಕರ್ ಹರಿದೀತು.

ಬೆಲೆಯ ಪ್ರಸ್ತಾಪಕ್ಕೆ ಬರೋಣ. ನಮ್ಮಲ್ಲಿ ಮಾರುವವರು ತಾವು ಹಿಂದೆ ಕೊಟ್ಟ ಬೆಲೆಯಿಂದ ಎಣಿಸತೊಡಗುತ್ತಾರೆ. ಕೊಳ್ಳುವವರು ವಸ್ತುವನ್ನೇ ನೋಡದೆ ‘ಲಾಸ್ಟ್ ಪ್ರೈಸ್ ಎಷ್ಟು?’ ಎಂದು ಮೂರೇ ಪದಗಳಲ್ಲಿ ಸಂದೇಶ ಕಳಿಸುತ್ತಾರೆ. ಎರಡೂ ಅಸಂಗತ. ಅದೇ ಮಾದರಿಯ ಹೊಸ ಬೇಸಿಗೆ ಇಂದು ಅಂಗಡಿಯಲ್ಲಿರುವ ಬೆಲೆಯ ಅರ್ಧದಿಂದ ಮೂರರಲ್ಲೆರಡು ಪಾಲಿನವರೆಗೆ, ಸ್ಥಿತಿಗೆ ತಕ್ಕಂತೆ, ನ್ಯಾಯವಾದ ಬೆಲೆಯೆಂದು ನಾನು ಭಾವಿಸುತ್ತೇನೆ. ಕತ್ತು ನೆಟ್ಟಗಿದ್ದರೆ ಮೂರು ವರ್ಷದ ಬೇಸಿಗೂ ಹತ್ತು ವರ್ಷದ ಬೇಸಿಗೂ ಬೆಲೆಯಲ್ಲಿ ಅಂತರವಿರಬೇಕಾಗಿಲ್ಲ. ಇದು ಮೋಟಾರು ವಾಹನವಲ್ಲ.

ನೆರೆಮನೆಯ ಹುಡುಗನೊಬ್ಬನಿಗೆ ಜೊತೆಯಾಗಿ ರಾಜಾಜಿನಗರದ ಮನೆಯೊಂದಕ್ಕೆ ಹೋಗಿದ್ದಾಗ ನಡೆದ ವ್ಯವಹಾರ ನನಗೆ ಈ ವಿಷಯದಲ್ಲಿ ಆದರ್ಶವೆಂದು ತೋರಿದೆ. ಬೇಸಿನ ಒಡೆಯನು ಜರ್ಮನಿಯಲ್ಲಿದ್ದನು, ಮಾರುತ್ತಿದ್ದವರು ತಂದೆತಾಯಿಗಳು. ತಂದೆ ಬಿಲ್ಲನ್ನು ಪ್ಲಾಸ್ಟಿಕ್ ಕವರಿನಿಂದ ಹೊರತೆಗೆದು, “ನೋಡಿ ಸ್ವಾಮಿ, ಇಪ್ಪತ್ತೆರಡು ಸಾವಿರ ಕೊಟ್ಟಿದ್ದಾನೆ ನಮ್ಮ ಹುಡುಗ. ಆರು ತಿಂಗಳೂ ಮುಟ್ಟಲಿಲ್ಲ. ಹದಿನಾರು ಕೊಟ್ಟುಬಿಡಿ” ಎಂದರು. ಹುಡುಗನು ಎಂಬತ್ತು ಸ್ವರಗಳನ್ನೂ ನುಡಿಸಿ ನೋಡಿ, “ನೆಕ್ ಚೆನ್ನಾಗಿದೆ ಅಂಕಲ್. ಆದ್ರೆ ತಂತಿ ಪೂರ್ತಿ ತುಕ್ಕು ಹಿಡಿದಿದೆ, ನಾಲ್ಕೂ ಬದಲಾಯಿಸ್ಬೇಕು. ಸೆಟಪ್ ಬೇರೆ. ಹನ್ನೆರಡು ಕೊಡ್ತೀನಿ” ಎಂದನು. ತಂದೆ ಬಿಲ್ಲನ್ನು ಮತ್ತೊಮ್ಮೆ ಓದಿದರು. ಅಷ್ಟರಲ್ಲಿ ಒಳಗಿನಿಂದ ಬಂದ ತಾಯಿ, “ಏನಪ್ಪಾ, ನೀನು ದಿನಾ ನುಡಿಸ್ತೀಯಾ, ಇಲ್ಲಾ ನೀನೂ ಮೂಲೇಲಿ ಇಡ್ತೀಯಾ?” ಎಂದು ಕೇಳಿದರು. “ಚರ್ಚಲ್ಲಿ ಪ್ರತಿ ಭಾನುವಾರ ನುಡಿಸ್ಬೇಕು ಆಂಟಿ” ಎಂದನು ಹುಡುಗ. “ಹಾಗಾದ್ರೆ ಹದಿಮೂರು ಕೊಟ್ಟು ಬ್ಯಾಗೂ ತಗೊಂಡ್ಹೋಗು. ಮೂಲೆ ಗುಡಿಸೋದಾದ್ರೂ ತಪ್ಪಲಿ” ಎಂದು ಆಕೆ ತೀರ್ಪಿತ್ತ ಮೇಲೆ ಮೇಲ್ಮನವಿಗೆ ಅವಕಾಶವಿರಲಿಲ್ಲ.

ಚರ್ಚುಗಳ ಮಾತು ಬಂದುದರಿಂದ ಹೇಳುತ್ತೇನೆ: ಕೊಳ್ಳುವವರು ವಿರಳರೆಂದರೂ ಅವರು ನಿಷ್ಠಾವಂತರು. ಬೆಂಗಳೂರು ಮಂಗಳೂರುಗಳ ಚರ್ಚುಗಳ ಗಾಯನಮಂಡಲಿಗಳು, ಊರೂರ ಉತ್ಸವಗಳಲ್ಲಿ ಹಾಡುವ ಆರ್ಕೆಸ್ಟ್ರಾಗಳಲ್ಲಿ ಬೇಸಿನ ಕೆಲಸವನ್ನು ಕೀಬೋರ್ಡಿನ ಎಡಗೈಗೆ ಒಪ್ಪಿಸದೆ ಉಳಿದಿರುವ ಕೆಲವು, ಮತ್ತು ಮಧ್ಯವಯಸ್ಸಿನಲ್ಲಿ ಹಠಾತ್ತಾಗಿ ಈ ವಾದ್ಯದ ಮೋಹಕ್ಕೆ ಸಿಲುಕುವ ಗೃಹಸ್ಥರು. ಈ ಕಡೆಯ ವರ್ಗದವರಲ್ಲಿ ಅನೇಕರನ್ನು ಆ ಮೋಹಕ್ಕೆ ದೂಡಿದವರು ಇಳಯರಾಜ. 1981ರ ‘ಗೀತಾ’, 1983ರ ‘ಪಲ್ಲವಿ ಅನುಪಲ್ಲವಿ’ ಚಿತ್ರಗಳ ಹಾಡುಗಳನ್ನು ಬಾಲ್ಯದಿಂದ ಗುನುಗುತ್ತ ಬಂದವರು, ಒಂದು ದಿನ ಒಳ್ಳೆಯ ಹೆಡ್‌ಫೋನಿನಲ್ಲಿ ಅವನ್ನೇ ಕೇಳಿ, ಹಾಡಿನ ಕೆಳಗೆ ಮತ್ತೊಂದು ಹಾಡು ತನ್ನ ಪಾಡಿಗೆ ತಾನು ನಡೆಯುತ್ತಿರುವುದನ್ನು ಕಂಡುಕೊಂಡು ಬೆರಗಾಗುತ್ತಾರೆ. ಇಂತಹವರಿಗೆ ಹೊಸದಕ್ಕಿಂತ ಹಳೆಯ ಬೇಸೇ ಸರಿ. ಮೋಹ ಇಳಿದರೆ ಕೊಂಡ ಬೆಲೆಗೇ ಮಾರಿಬಿಡಬಹುದು.

ಮಾರುವವರಿಗೆ ಹೇಳಬೇಕಾದ ಮಾತುಗಳು ಕಡಿಮೆ, ಆದರೆ ಗಟ್ಟಿಯಾದವು. ವಾದ್ಯವನ್ನು ಒರೆಸಿ, ಹಗಲಿನ ಬೆಳಕಿನಲ್ಲಿ ಫೋಟೋ ತೆಗೆದು, ಗೀರುಗಳ ಫೋಟೋವನ್ನೂ ಮರೆಯದೆ ಹಾಕಿರಿ. ಮುಚ್ಚಿಟ್ಟ ಗೀರು ಬಾಗಿಲಲ್ಲಿ ಜಗಳವಾಗುತ್ತದೆ. ಕೊರಿಯರಿನಲ್ಲಿ ಕಳಿಸುವುದಾದರೆ ತಂತಿಗಳನ್ನು ಸ್ವಲ್ಪ ಸಡಿಲಿಸಿ, ಕತ್ತಿನ ತಲೆಯ ಹಿಂದೆ ಮೆತ್ತೆ ಕೊಟ್ಟು ಕಟ್ಟಿರಿ. ಹಣದ ವಿಷಯದಲ್ಲಿ ಮಾತ್ರ ಅತ್ಯಂತ ಎಚ್ಚರ ಬೇಕು. ತಾನು ಸೈನ್ಯದಲ್ಲಿರುವುದಾಗಿ ಹೇಳಿಕೊಂಡು, ಬೆಲೆಯನ್ನು ಚೌಕಾಸಿ ಮಾಡದೆಯೇ ಒಪ್ಪಿ, ಹಣ ಪಡೆಯಲು ಈ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರೆಂದು ಹೇಳುವವನು ಬಂದರೆ, ಅವನು ವಂಚಕನೆಂದು ತಿಳಿಯತಕ್ಕದ್ದು. ಯುಪಿಐನಲ್ಲಿ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ. ಪಡೆಯುವುದಕ್ಕೆ ಎಂದೆಂದಿಗೂ ಬೇಡ. ಮೋಸ ಹೋದವರು ತಡಮಾಡದೆ 1930 ಎಂಬ ಸಹಾಯವಾಣಿಗೆ ಕರೆ ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ದೂರು ಬಂದರೆ ಹಣವನ್ನು ತಡೆಹಿಡಿಯುವ ಸಂಭವವುಂಟು. ಬೇಸಿನ ಬೆಲೆಯನ್ನು ಚೌಕಾಸಿಯಿಲ್ಲದೆ ಒಪ್ಪುವ ಗಿರಾಕಿಯನ್ನು ಈ ನಾಡಿನಲ್ಲಿ ಹೇಗೂ ನಂಬಬಾರದು.

ಕೊಳ್ಳುವವರಿಗೆ ಕಡೆಯದಾಗಿ ಒಂದು ಲೆಕ್ಕ. ಕೈಯಲ್ಲಿ ಹದಿನೈದು ಸಾವಿರ ರೂಪಾಯಿ ಇದ್ದರೆ ಬೇಸಿಗೆ ಹನ್ನೆರಡಕ್ಕಿಂತ ಹೆಚ್ಚು ಕೊಡಬೇಡಿರಿ. ಉಳಿದ ಮೂರನ್ನು ಹೊಸ ತಂತಿಗಳಿಗೂ, ಬಲ್ಲವರಿಂದ ಒಂದು ಸೆಟಪ್ ಮಾಡಿಸುವುದಕ್ಕೂ ತೆಗೆದಿಡಿ. ಹೊಸ ತಂತಿ ಹಾಕಿ ಸೆಟಪ್ ಮಾಡಿಸಿದ ಹನ್ನೆರಡು ಸಾವಿರದ ಹಳೆಯ ಬೇಸು, ಅಂಗಡಿಯ ಪೆಟ್ಟಿಗೆಯಿಂದ ಹಾಗೆಯೇ ತೆಗೆದ ಇಪ್ಪತ್ತು ಸಾವಿರದ ಹೊಸ ಬೇಸಿಗಿಂತ ಚೆನ್ನಾಗಿ ನುಡಿಯುತ್ತದೆ.